ಕಾಲು ಮುರಿದ ಪ್ರೊಫೆಸರರೂ ನನ್ನ ನೀಲಿ ನೋಟ್‌ಬುಕ್ಕೂ

ಪ್ರತಿ ವರ್ಷ ಸಿಇಟಿ ಅರ್ಜಿ ತುಂಬುವ ಕಾಲ ಬಂದರೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮುಂದೆ ಒಂದು ಸಣ್ಣ ಸಾಲು ನಿಲ್ಲುತ್ತದೆ. ನಾನು ಪಾಠ ಹೇಳುವುದು ಅರ್ಥಶಾಸ್ತ್ರವನ್ನು; ವೃತ್ತಿ ಮಾರ್ಗದರ್ಶನದಲ್ಲಿ ನನಗೆ ಯಾವ ತರಬೇತಿಯೂ ಆಗಿಲ್ಲ. ಹನ್ನೆರಡು ವರ್ಷಗಳ ಹಿಂದೆ ಆಗಿನ ಪ್ರಾಚಾರ್ಯರು ‘ಕಂಪ್ಯೂಟರ್ ಬಲ್ಲವರು ನೀವೊಬ್ಬರೇ’ ಎಂದು ಆ ಕೆಲಸವನ್ನು ನನ್ನ ಪಾಲಿಗೆ ಹಾಕಿದರು. ಪ್ರಾಚಾರ್ಯರು ನಾಲ್ವರು ಬದಲಾದರೂ ಆ ಕೆಲಸ ಮಾತ್ರ ನನ್ನ ಮೇಜು ಬಿಟ್ಟು ಕದಲಿಲ್ಲ. ರಾಣೆಬೆನ್ನೂರು ಸೀಮೆಯ ಸರ್ಕಾರಿ ಪದವಿಪೂರ್ವ ಕಾಲೇಜಿಗೆ ಬರುವ ಮಕ್ಕಳಿಗೆ, ಅವರ ಮನೆಯವರಿಗೆ, ಮುಂದೇನು ಓದಬೇಕು ಎಂದು ಕೇಳಲು ಊರಿನಲ್ಲಿ ಬೇರೆ ಯಾರೂ ಇರದ ಕಾರಣಕ್ಕೆ ನನ್ನ ಮಾತಿಗೆ ಅದರ ಯೋಗ್ಯತೆಗಿಂತ ಹೆಚ್ಚಿನ ತೂಕ ಬಂದುಬಿಟ್ಟಿತ್ತು. ಇತ್ತೀಚಿನ ವರ್ಷಗಳಲ್ಲಿ ಆ ತೂಕ ಕಡಿಮೆಯಾಗಿದೆ. ಮಕ್ಕಳು ನನ್ನ ಬಳಿಗೆ ಬರುವ ಮೊದಲೇ ಮೊಬೈಲಿನ ಚಾಟ್‌ಬಾಟ್ ಅನ್ನು ಕೇಳಿ, ಅದು ಕೊಟ್ಟ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತಾರೆ.

ಎರಡು ವರ್ಷಗಳ ಹಿಂದಿನ ಜನವರಿಯಲ್ಲಿ ಹಾಗೆ ಬಂದ ಒಬ್ಬ ಹುಡುಗಿಯಿಂದ ಈ ಬರಹ ಶುರುವಾಗಬೇಕು. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಓದುತ್ತಿದ್ದ ಅವಳು ಅಷ್ಟೇನೂ ಮಾತಾಡುವವಳಲ್ಲ. ತನ್ನ ಪ್ರಥಮ ಪಿಯುಸಿ ಅಂಕಗಳನ್ನು ಹೇಳಿ, ಮುಂದೆ ಯಾವ ಕೋರ್ಸ್ ಒಳ್ಳೆಯದು ಎಂದು ಅವಳು ಮೊಬೈಲನ್ನು ಕೇಳಿದ್ದಳು. ಅದು ಬಿ.ಟೆಕ್. ಬಯೊಟೆಕ್ನಾಲಜಿ, ಡೇಟಾ ಸೈನ್ಸ್, ಫಾರ್ಮಸಿ, ಫಿಸಿಯೊಥೆರಪಿ, ನರ್ಸಿಂಗ್ ಎಂಬ ಕ್ರಮದಲ್ಲಿ ಒಂದು ಪಟ್ಟಿ ಕೊಟ್ಟು, ಒಂದೊಂದಕ್ಕೂ ಮುಂದಿರುವ ಉದ್ಯೋಗಗಳನ್ನು ಚೊಕ್ಕ ಕನ್ನಡದಲ್ಲಿ ಬರೆದಿತ್ತು. ಆರನೆಯ ಸಾಲಿನಲ್ಲಿ, ಬಹುಶಃ ಪಟ್ಟಿ ಪೂರ್ಣವಾಗಲಿ ಎಂಬ ಕಾರಣಕ್ಕೆ, ಕೃಷಿ ಪದವಿಯ ಹೆಸರೂ ಇತ್ತು. ಅದರಲ್ಲಿ ತಪ್ಪು ಎನ್ನುವಂಥದ್ದು ಏನೂ ಇರಲಿಲ್ಲ. ಆ ಅಂಕಗಳಿಗೆ ನಾನಾದರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದೆ.

ಅರ್ಜಿ ತುಂಬುವಾಗ ಕೃಷಿಕರ ಕೋಟಾ ಬೇಕೇ ಎಂಬ ಕಾಲಂ ಬಂತು. ಅವಳು ‘ಬೇಡ ಸರ್’ ಎಂದಳು. ಮನೆಯಲ್ಲಿ ಹೊಲ ಇದೆಯೇ ಎಂದು ಕೇಳಿದೆ. ‘ಐತಿ ಸರ್, ಎರಡೂವರೆ ಎಕರೆ, ಸೀಡ್ ಪ್ಲಾಟ್ ಮಾಡ್ತಾರ’ ಎಂದಳು. ರಾಣೆಬೆನ್ನೂರಿನ ಹೆಸರು ಕೇಳಿದವರಿಗೆ ಹೈಬ್ರಿಡ್ ಬೀಜೋತ್ಪಾದನೆಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಇಲ್ಲಿನ ಸಣ್ಣ ಹಿಡುವಳಿದಾರರು ಕಂಪನಿಗಳಿಗಾಗಿ ಟೊಮೆಟೊ, ಮೆಣಸಿನಕಾಯಿಗಳಂಥ ಬೆಳೆಗಳ ಸಂಕರಣ ಬೀಜವನ್ನು ತಮ್ಮ ಹೊಲದಲ್ಲಿ ತಯಾರಿಸಿಕೊಡುತ್ತಾರೆ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತೇ ಗುರುತಿಸಿ, ಚಿಮಟದಿಂದ ಅದರ ಕೇಸರಗಳನ್ನು ತೆಗೆದು, ಮರುದಿನ ಬೆಳಗ್ಗೆ ಗಂಡು ಸಾಲಿನ ಗಿಡದಿಂದ ತಂದ ಪರಾಗವನ್ನು ಒಂದೊಂದೇ ಹೂವಿಗೆ ಕೈಯಿಂದ ಮುಟ್ಟಿಸುವ ಕೆಲಸ ಅದು. ಕೇಸರ ತೆಗೆಯುವುದು ಅರ್ಧ ದಿನ ತಡವಾದರೆ ಹೂವು ತನ್ನದೇ ಪರಾಗದಿಂದ ಕಾಯಿಕಟ್ಟಿ ಬೀಜ ಕೆಡುತ್ತದೆ. ‘ನೀನೂ ಮಾಡುತ್ತೀಯಾ?’ ಎಂದು ಕೇಳಿದ್ದಕ್ಕೆ ಅವಳು ನನಗೆ ಗೊತ್ತಿರದ ಹತ್ತಾರು ಸಂಗತಿಗಳನ್ನು ಹೇಳತೊಡಗಿದಳು. ಯಾವ ಮೊಗ್ಗು ನಾಳೆ ಅರಳುತ್ತದೆ ಎಂಬುದು ಬಣ್ಣದಲ್ಲಿ ಹೇಗೆ ತಿಳಿಯುತ್ತದೆ, ಮೋಡವಿದ್ದ ದಿನ ಪರಾಗ ಏಕೆ ಸರಿಯಾಗಿ ಉದುರುವುದಿಲ್ಲ, ಅವಳ ಅವ್ವ ಮಾಡಿದ ಸಾಲಿಗಿಂತ ಅವಳು ಮಾಡಿದ ಸಾಲಿನಲ್ಲಿ ಏಕೆ ಹೆಚ್ಚು ಕಾಯಿ ನಿಂತಿತ್ತು ಎಂದೆಲ್ಲ ಅವಳು ಹೇಳುತ್ತಿದ್ದರೆ ನನ್ನ ಹಿಂದೆ ಕುಳಿತಿದ್ದ ಜೀವಶಾಸ್ತ್ರದ ಮೇಡಂ ಪೇಪರ್ ತಿದ್ದುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಎರಡು ವರ್ಷಗಳಲ್ಲಿ ಆ ಹುಡುಗಿ ತರಗತಿಯಲ್ಲಿ ಅಷ್ಟು ಮಾತಾಡಿದ್ದನ್ನು ತಾವು ಕೇಳಿರಲಿಲ್ಲ ಎಂದು ಅವರು ಆಮೇಲೆ ಹೇಳಿದರು.

ಕೃಷಿಕರ ಮಕ್ಕಳಿಗಾಗಿ ಕೃಷಿ ವಿಜ್ಞಾನದ ಕೋರ್ಸ್‌ಗಳಲ್ಲಿ ಸೀಟುಗಳು ಮೀಸಲಿವೆ, ಅದಕ್ಕೆ ಪ್ರತ್ಯೇಕವಾಗಿ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಆ ಅಂಕವೂ ರ‍್ಯಾಂಕ್‌ಗೆ ಸೇರುತ್ತದೆ. ಬೀಜ, ಸಲಕರಣೆ, ಬೆಳೆ, ರೋಗಗಳನ್ನು ನೋಡಿ ಗುರುತಿಸುವ ಆ ಪರೀಕ್ಷೆಗೆ ಪಟ್ಟಣದ ಮಕ್ಕಳು ಕೋಚಿಂಗ್‌ಗೆ ಹೋಗುತ್ತಾರೆ. ಈ ಹುಡುಗಿ ಅಂಥ ಕೋಟಾವನ್ನು ‘ಬೇಡ’ ಎಂದು ಒತ್ತುವುದರಲ್ಲಿದ್ದಳು. ಮೊಬೈಲಿಗೆ ಇದನ್ನು ಏಕೆ ಹೇಳಲಿಲ್ಲ ಎಂದು ಕೇಳಿದೆ. ‘ಅದು ಮನಿ ಕೆಲಸ ಸರ್’ ಎಂದಳು. ಅವಳ ಪಾಲಿಗೆ ಕೆರಿಯರ್ ಎಂದರೆ ಮನೆಯ ಕೆಲಸದಿಂದ ದೂರ ಹೋಗುವುದು. ಹೀಗಾಗಿ ಮನೆಯಲ್ಲಿ ತಾನು ಚೆನ್ನಾಗಿ ಮಾಡುವ ಕೆಲಸವನ್ನು ಕೆರಿಯರ್ ಕುರಿತ ಪ್ರಶ್ನೆಯೊಳಗೆ ಸೇರಿಸಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ‘ನೋಡಿ, ಯಂತ್ರಕ್ಕೆ ತಿಳಿಯದ್ದು ಮೇಷ್ಟ್ರಿಗೆ ತಿಳಿಯಿತು’ ಎಂದು ನಾನು ಎದೆಯುಬ್ಬಿಸಬಹುದಿತ್ತು. ಆದರೆ ಆ ಸಂಜೆ ಕುತೂಹಲಕ್ಕೆ ಅದೇ ಚಾಟ್‌ಬಾಟ್‌ಗೆ ಅವಳು ಹೇಳಿದ ಹೊಲದ ವಿವರಗಳನ್ನೆಲ್ಲ ಬರೆದು ಮತ್ತೆ ಕೇಳಿದೆ. ಈ ಸಲ ಕೃಷಿ, ತೋಟಗಾರಿಕೆ ಪದವಿಗಳು ಪಟ್ಟಿಯ ಮೇಲಕ್ಕೆ ಬಂದವು. ಅಷ್ಟೇ ಅಲ್ಲ, ಪದವಿಯ ನಂತರ ಬೀಜ ವಿಜ್ಞಾನ ಮತ್ತು ತಂತ್ರಜ್ಞಾನ ಎಂಬ ಸ್ನಾತಕೋತ್ತರ ವಿಷಯವಿದೆ, ಸಸ್ಯ ತಳಿಶಾಸ್ತ್ರವಿದೆ, ಬೀಜ ಪ್ರಮಾಣೀಕರಣದ ಕೆಲಸವಿದೆ ಎಂದು ಅದು ನನಗಿಂತ ಎರಡು ಹೆಜ್ಜೆ ಮುಂದೆ ಹೋಗಿ ತೋರಿಸಿತು. ನನಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಗೊತ್ತಿತ್ತೇ ವಿನಾ ಅಲ್ಲಿ ಬೀಜ ವಿಜ್ಞಾನಕ್ಕೇ ಬೇರೆ ವಿಭಾಗವಿದೆ ಎಂಬುದು ಗೊತ್ತಿರಲಿಲ್ಲ. ಹಾಗಾದರೆ ಬೆಳಗಿನ ಉತ್ತರ ಸಪ್ಪೆಯಾಗಿದ್ದಕ್ಕೆ ಕಾರಣ ಯಂತ್ರದ ವಿಚಾರಶಕ್ತಿಯ ಕೊರತೆಯಲ್ಲ, ಅದಕ್ಕೆ ಹೇಳಬೇಕಾದ್ದನ್ನು ಯಾರೂ ಹೇಳಿರಲಿಲ್ಲ ಎಂಬುದೇ ಆಗಿತ್ತು. ಮಾರ್ಗದರ್ಶನದಲ್ಲಿ ಮನುಷ್ಯನ ವಿವೇಚನೆ ಎಂದು ನಾವು ದೊಡ್ಡದಾಗಿ ಹೇಳಿಕೊಳ್ಳುವುದರ ಬಹುಪಾಲು ಇಷ್ಟೇ ಇರಬಹುದೇ ಎಂಬ ಅನುಮಾನ ನನಗೆ ಅಂದಿನಿಂದ ಹತ್ತಿಕೊಂಡಿತು: ಎದುರಿಗೆ ಕುಳಿತವರು ಹೇಳಲು ಯೋಗ್ಯವೆಂದೇ ತಿಳಿಯದ ಸಂಗತಿಯನ್ನು ಹೊರಗೆ ತೆಗೆಯುವುದು.

ವೃತ್ತಿ ಮಾರ್ಗದರ್ಶನ ಎಂಬ ಕೆಲಸಕ್ಕೆ ಒಂದು ರೂಪ ಕೊಟ್ಟವರೆಂದು ಹೆಸರಾದ ಫ್ರ್ಯಾಂಕ್ ಪಾರ್ಸನ್ಸ್ 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಯುವಕರಿಗಾಗಿ ಒಂದು ಕಚೇರಿ ತೆರೆದು, ಅದೇ ವರ್ಷ ತೀರಿಕೊಂಡರು. ಒಳ್ಳೆಯ ಆಯ್ಕೆಗೆ ಮೂರು ಬೇಕು ಎನ್ನುವುದು ಅವರ ವಿಚಾರ: ತನ್ನ ಬಗೆಗಿನ ಅರಿವು, ಕೆಲಸಗಳ ಬಗೆಗಿನ ಅರಿವು, ಇವೆರಡನ್ನೂ ಹೊಂದಿಸಿ ನೋಡುವ ಸರಿಯಾದ ತರ್ಕ. ಇದರಲ್ಲಿ ಎರಡನೆಯದನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನ ಹೊಸದೇನಲ್ಲ. 1970ರ ದಶಕದಲ್ಲೇ ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಕಂಪ್ಯೂಟರಿನ ಮುಂದೆ ಕುಳಿತು ತನಗೆ ಸಂಬಳ ಮುಖ್ಯವೋ ಬಿಡುವು ಮುಖ್ಯವೋ ಎಂದು ಒತ್ತಿ, ಅದಕ್ಕೆ ಹೊಂದುವ ಉದ್ಯೋಗಗಳ ಪಟ್ಟಿ ಪಡೆಯುವ ವ್ಯವಸ್ಥೆ ಬಂದಿತ್ತು. ನಮ್ಮ ಕಾಲೇಜಿಗೆ ಅದು ಬರಲಿಲ್ಲ. ನಮ್ಮಲ್ಲಿ ಇದ್ದದ್ದು ಗೋಡೆಗೆ ಅಂಟಿಸಿದ ‘ಎಸ್ಸೆಸ್ಸೆಲ್ಸಿ ನಂತರ ಮುಂದೇನು?’ ಎಂಬ ಚಾರ್ಟ್, ಅದರ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಚಾರ್ಟಿನಿಂದ ಒಮ್ಮೆಲೇ ಚಾಟ್‌ಬಾಟ್‌ಗೆ ಜಿಗಿದವರು ನಾವು.

ಮೂರನೆಯದಾದ ತರ್ಕದಲ್ಲಿ ಮನುಷ್ಯನೇ ಮೇಲು ಎಂದು ನಂಬಿದ್ದ ನನಗೆ ಪಾಲ್ ಮೀಲ್ ಎಂಬ ಮನಶ್ಶಾಸ್ತ್ರಜ್ಞರ ವಾದ ತಿಳಿದದ್ದು ತಡವಾಗಿ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಅವರು 1954ರಲ್ಲಿ, ಒಬ್ಬ ವ್ಯಕ್ತಿ ಮುಂದೆ ಏನಾಗುತ್ತಾನೆ ಎಂದು ಊಹಿಸುವುದರಲ್ಲಿ ಅನುಭವಿ ತಜ್ಞರ ಅಂದಾಜಿಗಿಂತ ನಾಲ್ಕಾರು ಅಂಶಗಳನ್ನು ಕೂಡಿಸಿ ಕಳೆಯುವ ಸರಳ ಸೂತ್ರವೇ ಸಾಮಾನ್ಯವಾಗಿ ಸರಿಸಮನಾಗಿ, ಇಲ್ಲವೇ ಹೆಚ್ಚು ಸರಿಯಾಗಿ ನಿಲ್ಲುತ್ತದೆ ಎಂದು ತೋರಿಸಿಕೊಟ್ಟರು. ಸೂತ್ರವನ್ನು ಬದಿಗಿಡಬೇಕಾದ ಸಂದರ್ಭವೂ ಇದೆ ಎಂದು ಹೇಳಲು ಅವರು ಕೊಟ್ಟ ಉದಾಹರಣೆ ಪ್ರಸಿದ್ಧವಾದದ್ದು. ಒಬ್ಬ ಪ್ರೊಫೆಸರರು ಇವತ್ತು ರಾತ್ರಿ ಸಿನಿಮಾಕ್ಕೆ ಹೋಗುವ ಸಂಭವ ಶೇ 90ರಷ್ಟಿದೆ ಎಂದು ಸೂತ್ರ ಹೇಳುತ್ತದೆ ಎಂದುಕೊಳ್ಳಿ. ಅಷ್ಟರಲ್ಲಿ ಅವರ ಮನೆಯ ಡಾಕ್ಟರು ಬಂದು ಪ್ರೊಫೆಸರರ ಕಾಲು ಮುರಿದಿದೆ ಎಂದು ತಿಳಿಸಿದರೆ ಬುದ್ಧಿಯಿರುವ ಯಾರೂ ಸೂತ್ರವನ್ನು ಹಿಡಿದುಕೊಂಡು ಕೂರುವುದಿಲ್ಲ. ಇದನ್ನು ಓದಿದ ಕೂಡಲೇ ನಾನು ಮಾಡುತ್ತಿರುವುದು ಆ ಡಾಕ್ಟರ ಕೆಲಸ ಎಂದುಕೊಂಡು ಖುಷಿಪಟ್ಟೆ. ಆದರೆ ಮೀಲ್ ಮುಂದೆ ಎಚ್ಚರಿಸುವುದು ನನ್ನಂಥವರನ್ನೇ: ಇಂಥ ಅಪರೂಪದ ಕಾರಣ ಕಂಡಾಗ ಸೂತ್ರವನ್ನು ಬಿಡಬಹುದೆಂದು ಅನುಮತಿ ಸಿಕ್ಕ ಕೂಡಲೇ ತಜ್ಞರು ಎಲ್ಲೆಲ್ಲೂ ಮುರಿದ ಕಾಲುಗಳನ್ನೇ ಕಾಣತೊಡಗುತ್ತಾರೆ.

ನನ್ನ ಅಂದಾಜು ಕೈಕೊಟ್ಟ ಕತೆಯೊಂದಿದೆ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಚಾಟ್‌ಬಾಟ್‌ಗಳು ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಎಸ್ಸೆಸ್ಸೆಲ್ಸಿಯಲ್ಲಿ ಶೇ 88 ಪಡೆದ ಹುಡುಗನೊಬ್ಬ ಪ್ರವೇಶದ ಅರ್ಜಿ ಕೇಳಲು ಬಂದವನು, ತಾನು ಹುಬ್ಬಳ್ಳಿಯ ಜಿಟಿಟಿಸಿಗೂ ಅರ್ಜಿ ಹಾಕಿದ್ದೇನೆ, ಎರಡರಲ್ಲಿ ಯಾವುದಕ್ಕೆ ಸೇರಲಿ ಎಂದು ಕೇಳಿದ. ಜಿಟಿಟಿಸಿ ಎಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್‌ನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿ ಈಗ ರಾಜ್ಯದ ಹಲವು ಊರುಗಳಲ್ಲಿರುವ ಸಂಸ್ಥೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಯ ಉಪಕರಣ, ಅಚ್ಚುಗಳ ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ ಇರುತ್ತದೆ. ಆ ಹುಡುಗ ಮನೆಯಲ್ಲಿ ಕೆಟ್ಟುಹೋದ ಪಂಪ್‌ಸೆಟ್ಟನ್ನು ತಾನೇ ಬಿಚ್ಚಿ ಜೋಡಿಸುತ್ತಾನೆ ಎಂದು ಅವನ ಜೊತೆಗೆ ಬಂದ ಸೋದರಮಾವ ನಗುತ್ತ ಹೇಳಿದ್ದರು. ಅದು ನನ್ನ ಕಿವಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ. ‘ಇಷ್ಟು ಪರ್ಸೆಂಟೇಜ್ ಇಟ್ಟುಕೊಂಡು ಡಿಪ್ಲೊಮಾ ಯಾಕಪ್ಪಾ?’ ಎಂದು ಕೇಳಿ ಅವನನ್ನು ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನವಿರುವ ಪಿಸಿಎಂಸಿಗೆ ಸೇರಿಸಿಕೊಂಡೆ. ದ್ವಿತೀಯ ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾದ, ಸಪ್ಲಿಮೆಂಟರಿಯಲ್ಲೂ ಆಗಲಿಲ್ಲ. ಹಳೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಹಿಡಿದು ಎರಡು ವರ್ಷ ತಡವಾಗಿ ಅದೇ ಡಿಪ್ಲೊಮಾಕ್ಕೆ ಸೇರಿದ. ಈಗ ಪೀಣ್ಯದ ಟೂಲ್ ರೂಮ್ ಒಂದರಲ್ಲಿ ಡಿಸೈನ್ ವಿಭಾಗದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ಸಿಕ್ಕರೆ ಪ್ರೀತಿಯಿಂದಲೇ ಮಾತಾಡಿಸುತ್ತಾನೆ. ಅವನು ಕಳೆದುಕೊಂಡ ಆ ಎರಡು ವರ್ಷಗಳ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ.

ಆ ಹುಡುಗನ ಅಂಕಗಳನ್ನೂ ಪಂಪ್‌ಸೆಟ್ಟಿನ ಸಂಗತಿಯನ್ನೂ ಕಳೆದ ವರ್ಷ ನಾನು ಯಂತ್ರಕ್ಕೆ ಬರೆದು ನೋಡಿದೆ. ಅದು ಪಿಯುಸಿ ವಿಜ್ಞಾನವನ್ನು ಮೊದಲು ಹೇಳಿತು, ಪಾಲಿಟೆಕ್ನಿಕ್ ಅನ್ನು ಎರಡನೆಯದಾಗಿ, ಟೂಲ್ ಅಂಡ್ ಡೈ ಅನ್ನು ಮೂರನೆಯದಾಗಿ ಹೇಳಿ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು ಎಂಬುದನ್ನೂ ಸೇರಿಸಿತು. ಮೂರನೆಯದಾಗಿಯಾದರೂ ಅದು ಹೇಳಿತಲ್ಲ. ನಾನು ಹೇಳಿರಲೇ ಇಲ್ಲ. ಅಂಕ ಹೆಚ್ಚಿದ್ದವರು ಸೈನ್ಸ್, ಕಡಿಮೆಯಿದ್ದವರು ಆರ್ಟ್ಸ್, ನಡುವಿನವರು ಕಾಮರ್ಸ್, ಕೈಯಲ್ಲಿ ಸ್ಪ್ಯಾನರ್ ಹಿಡಿಯುವುದು ಓದು ಹತ್ತದವರಿಗೆ ಎಂಬ ಶ್ರೇಣಿಯನ್ನು ನಮ್ಮ ಊರು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂರಿಸಿತ್ತೆಂದರೆ ಅದನ್ನೇ ನಾನು ಅನುಭವ ಎಂದು ಕರೆಯುತ್ತಿದ್ದೆ.

ಯಂತ್ರಕ್ಕೆ ಪೂರ್ವಗ್ರಹವಿಲ್ಲ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಜನ ಬರೆದದ್ದನ್ನು, ಜನ ಮಾಡಿದ್ದನ್ನು ನೋಡಿಯೇ ಅದು ಕಲಿಯುವುದರಿಂದ ಜನರ ವಾಲಿಕೆಯೂ ಅದಕ್ಕೆ ಬರುತ್ತದೆ. ಅಮೆಜಾನ್ ಕಂಪನಿ ಉದ್ಯೋಗಾರ್ಥಿಗಳ ಬಯೊಡೇಟಾಗಳನ್ನು ಸೋಸಲು ರೂಪಿಸುತ್ತಿದ್ದ ವ್ಯವಸ್ಥೆಯೊಂದು, ಹತ್ತು ವರ್ಷಗಳಲ್ಲಿ ಬಂದ ಹೆಚ್ಚಾಗಿ ಗಂಡಸರದೇ ಆಗಿದ್ದ ಅರ್ಜಿಗಳಿಂದ ಕಲಿತು, ಮಹಿಳೆಯರದೆಂದು ತಿಳಿಯುವ ಅರ್ಜಿಗಳನ್ನು ಕೆಳಕ್ಕೆ ತಳ್ಳುತ್ತಿತ್ತು, ಅದಕ್ಕೇ ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು ಎಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತ್ತು. ನಾನೂ ಒಮ್ಮೆ ಒಂದೇ ವಿವರವನ್ನು ಹುಡುಗನ ಹೆಸರಿನಲ್ಲಿ, ಹುಡುಗಿಯ ಹೆಸರಿನಲ್ಲಿ ಕೊಟ್ಟು ನೋಡಿದೆ. ಕೋರ್ಸ್‌ಗಳ ಪಟ್ಟಿ ಬದಲಾಗಲಿಲ್ಲ. ಹುಡುಗಿಗೆ ಮಾತ್ರ ಹಾಸ್ಟೆಲ್ಲಿನ ಸುರಕ್ಷತೆಯ ಬಗ್ಗೆ ಒಂದು ಪ್ಯಾರಾ ಹೆಚ್ಚಿಗೆ ಬಂತು. ಒಂದು ಸಲದ ಪ್ರಯೋಗದಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಹುಡುಗಿ ಎಂದ ಕೂಡಲೇ ‘ಬಿ.ಎಡ್. ಮಾಡಿಸಿಬಿಡಿ’ ಎನ್ನುವ ನಮ್ಮ ಸ್ಟಾಫ್ ರೂಮಿಗಿಂತ ಆ ಒಂದು ಪ್ಯಾರಾ ಎಷ್ಟೋ ವಾಸಿ.

ನಿಯಮಗಳ ವಿಷಯಕ್ಕೆ ಬಂದರೆ ಯಂತ್ರದ ಮೇಲೆ ನನಗೆ ಇನ್ನೂ ಪೂರ್ತಿ ಭರವಸೆ ಬಂದಿಲ್ಲ. ಸಿಇಟಿ ಸೀಟು ಹಂಚಿಕೆಯಾದ ಮೇಲೆ ವಿದ್ಯಾರ್ಥಿ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು: ಸಿಕ್ಕ ಸೀಟಿಗೆ ಸೇರುವುದು ಒಂದು, ಸೀಟನ್ನು ಇಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಆಯ್ಕೆಗೆ ಕಾಯುವುದು ಎರಡು, ಸೀಟು ಬಿಟ್ಟು ಕಾಯುವುದು ಮೂರು, ಪ್ರಕ್ರಿಯೆಯಿಂದಲೇ ಹೊರಗೆ ಹೋಗುವುದು ನಾಲ್ಕು. ಒಬ್ಬ ಹುಡುಗನಿಗೆ ಚಾಟ್‌ಬಾಟ್ ‘ಫ್ಲೋಟ್ ಆಯ್ದುಕೊಳ್ಳಿ’ ಎಂದು ಹೇಳಿತ್ತು. ಫ್ರೀಜ್, ಫ್ಲೋಟ್, ಸ್ಲೈಡ್ ಎಂಬುವು ಐಐಟಿ, ಎನ್‌ಐಟಿಗಳ ಕೌನ್ಸೆಲಿಂಗ್‌ನಲ್ಲಿ ಬರುವ ಪದಗಳು. ಪಾಪ, ಅವನು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ಇಲ್ಲದ ಫ್ಲೋಟ್ ಬಟನ್ನಿಗಾಗಿ ಇಡೀ ರಾತ್ರಿ ಹುಡುಕಿದ್ದ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇರುವುದನ್ನು ಕೇಳಿದರೆ ಅದು ಹೇಳುತ್ತದೆ, ಕೇಳದಿದ್ದರೆ ಎಷ್ಟೋ ಸಲ ಹೇಳುವುದಿಲ್ಲ. ತುಂಗಭದ್ರೆಯ ಆಚೆಯ ಹರಪನಹಳ್ಳಿ ಕಡೆಯ ಮಕ್ಕಳು ಬಂದಾಗ ಇನ್ನೊಂದು ತೊಡಕು. ಹಿಂದೆ ದಾವಣಗೆರೆ ಜಿಲ್ಲೆಯಲ್ಲಿದ್ದ ಆ ತಾಲ್ಲೂಕು ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಳೆಯ ಜಿಲ್ಲೆಯ ಹೆಸರು ಹೇಳಿ ಕೇಳಿದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿಯ ಮಾತೇ ಬರುವುದಿಲ್ಲ. ಇಂಥವನ್ನು ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಕದಲ್ಲೇ ನೋಡಬೇಕು, ಯಂತ್ರವನ್ನೂ ನಂಬಬಾರದು, ನನ್ನ ನೆನಪನ್ನೂ ನಂಬಬಾರದು.

ಆದರೆ ಬೇಕಾದ ಕಾಲೇಜು, ಕೋರ್ಸ್‌ಗಳನ್ನು ಕ್ರಮವಾಗಿ ಪಟ್ಟಿ ಮಾಡಿ ಕೊಡುವ ಆಪ್ಷನ್ ಎಂಟ್ರಿಯ ತರ್ಕವನ್ನು ಅದು ನನಗಿಂತ ಚೆನ್ನಾಗಿ ಹೇಳುತ್ತದೆ. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡಿ, ಖಾಲಿಯಿರುವ ಮೊದಲ ಆಯ್ಕೆಯನ್ನೇ ಕೊಡುವ ಪದ್ಧತಿ ಇದಾದ್ದರಿಂದ, ಸಿಗಲಾರದೆನಿಸುವ ಕಾಲೇಜನ್ನು ಮೇಲೆ ಬರೆದರೆ ಕೆಳಗಿನ ಕಾಲೇಜು ಕೈತಪ್ಪುವುದಿಲ್ಲ. ಮನಸ್ಸಿನಲ್ಲಿರುವ ಕ್ರಮದಲ್ಲೇ ಬರೆಯುವುದು ಸರಿ. ‘ಸಿಗೋದನ್ನೇ ಮೊದಲು ಹಾಕ್ರಿ ಸರ, ಇಲ್ಲಾಂದ್ರ ಅದೂ ಹೋಗ್ತೈತಿ’ ಎಂದು ಪಾಲಕರು ವಾದಿಸುವಾಗ ನಾನು ನಾಲ್ಕನೆಯ ಸಲಕ್ಕೆ ದನಿಯೇರಿಸುತ್ತೇನೆ. ಯಂತ್ರ ಹದಿನಾಲ್ಕನೆಯ ಸಲವೂ ಹೊಸ ಉದಾಹರಣೆ ಕೊಟ್ಟು ಅದೇ ಸಮಾಧಾನದಿಂದ ವಿವರಿಸುತ್ತದೆ.

ಆ ಸಮಾಧಾನಕ್ಕೆ ಇನ್ನೊಂದು ಮುಖವಿದೆ. ಅದಕ್ಕೆ ಹೂಂಗುಟ್ಟುವ ಗುಣ ಹೆಚ್ಚು. ಗೆಳೆಯರೆಲ್ಲ ಬೆಂಗಳೂರಿಗೆ ಹೋಗುತ್ತಾರೆಂಬ ಒಂದೇ ಕಾರಣಕ್ಕೆ ತಾನೂ ಅಲ್ಲಿ ಬಿಸಿಎ ಸೇರಬೇಕೆಂದಿದ್ದ ಹುಡುಗನೊಬ್ಬ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳುತ್ತ ಹೋಗಿ, ಕೊನೆಗೆ ‘ನಿಮ್ಮ ಗುರಿಗೆ ಇದು ಅತ್ಯುತ್ತಮ ಆಯ್ಕೆ’ ಎಂಬ ಸಾಲು ಬಂದಾಗ ಅದರ ಸ್ಕ್ರೀನ್‌ಶಾಟ್ ತೆಗೆದು ಅಪ್ಪನಿಗೆ ತೋರಿಸಿದ. ಅಪ್ಪ ಅದನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದರು. ‘ಸರ, ಮೊಬೈಲ್ ಹಿಂಗ ಹೇಳೈತ್ರಿ, ನೀವೂ ಒಂದ್ ಮಾತು ಹೇಳಿಬಿಡ್ರಿ’ ಎಂದರು. ಆ ‘ನೀವೂ’ ಎಂಬ ಮಾತಿನಲ್ಲಿ ಎಲ್ಲವೂ ಇತ್ತು. ಹೇಳಿದ್ದು ಮೊಬೈಲೇ ಆದರೂ, ನಾಳೆ ಕೆಟ್ಟರೆ ಬಂದು ಕೇಳಲು ಒಬ್ಬ ಮನುಷ್ಯ ಬೇಕಲ್ಲ! ನಾನು ಹೇಳಿದ್ದು ತಪ್ಪಾದರೆ ಸಂತೆಯಲ್ಲಿ ಸಿಕ್ಕಾಗ ಅವರು ಮುಖ ತಿರುಗಿಸಬಹುದು, ಆ ಅಳುಕು ನನ್ನ ಮಾತನ್ನು ಸ್ವಲ್ಪ ತೂಗಿ ಆಡುವಂತೆ ಮಾಡುತ್ತದೆ. ಅದೇ ಅಳುಕು ಒಮ್ಮೊಮ್ಮೆ ಅತಿ ಜಾಗರೂಕತೆಯಾಗಿ, ಧೈರ್ಯದ ಹುಡುಗರನ್ನೂ ಹತ್ತಿರದ ಸುರಕ್ಷಿತ ಕೋರ್ಸಿಗೆ ತಳ್ಳುವಂತೆಯೂ ಮಾಡುತ್ತದೆ.

ಇನ್ನು ಮಕ್ಕಳು ನನಗೆ ಹೇಳದ್ದನ್ನು ಯಂತ್ರಕ್ಕೆ ಹೇಳುವುದೂ ಉಂಟು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಅವರು ಅಮೆರಿಕದ ಎಂಐಟಿಯಲ್ಲಿ ಎಲೈಜಾ ಎಂಬ ಮಾತಾಡುವ ಪ್ರೋಗ್ರಾಂ ಮಾಡಿದಾಗ, ಅದು ಬರೀ ಪದ ತಿರುಗಿಸಿ ಪ್ರಶ್ನೆ ಕೇಳುವ ತಂತ್ರವೆಂದು ಗೊತ್ತಿದ್ದ ಅವರ ಕಾರ್ಯದರ್ಶಿಯೇ, ತಾನು ಅದರೊಡನೆ ಮಾತಾಡುವಾಗ ದಯವಿಟ್ಟು ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರಂತೆ. ಗಣಿತದಲ್ಲಿ ಫೇಲಾಗುವುದು ಖಚಿತ ಎಂದುಕೊಂಡಿದ್ದ ನಮ್ಮ ವಿದ್ಯಾರ್ಥಿಯೊಬ್ಬಳು ರಾತ್ರಿ ಹನ್ನೊಂದಕ್ಕೆ ಮೊಬೈಲನ್ನೇ ಕೇಳಿ, 2024ರಲ್ಲಿ ಜಾರಿಗೆ ಬಂದಿದ್ದ ಆಗಿನ ನಿಯಮದಂತೆ ಒಂದೇ ವರ್ಷದಲ್ಲಿ ಪರೀಕ್ಷೆ-1, 2, 3 ಎಂದು ಮೂರು ಅವಕಾಶಗಳಿವೆ ಎಂಬುದನ್ನು ತಿಳಿದು ನಿದ್ದೆ ಮಾಡಿದಳು. ನನ್ನನ್ನು ಕೇಳಿದ್ದರೆ ಮೊದಲು ಬೈಗುಳ, ಆಮೇಲೆ ಮಾಹಿತಿ.

2024ರ ಬೇಸಿಗೆಯಿಂದ ನಾನೊಂದು ನೀಲಿ ರಟ್ಟಿನ ನೋಟ್‌ಬುಕ್ ಇಟ್ಟಿದ್ದೇನೆ. ಪುಟಕ್ಕೆ ನಾಲ್ಕು ಕಾಲಂ. ಮೊದಲನೆಯದರಲ್ಲಿ ವಿದ್ಯಾರ್ಥಿ ಹೇಳಿದ್ದು, ಎರಡನೆಯದರಲ್ಲಿ ಯಂತ್ರ ಕೊಟ್ಟ ಪಟ್ಟಿ, ಮೂರನೆಯದರಲ್ಲಿ ನನ್ನ ಸಲಹೆ. ಯಂತ್ರದ ಮೊದಲ ಆಯ್ಕೆಗಿಂತ ನನ್ನದು ಬೇರೆಯಾದರೆ ಅದಕ್ಕೆ ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಲೇಬೇಕು, ಆ ಕಾರಣ ನನಗೆ ಗೊತ್ತಿರುವ ಒಂದು ಸಂಗತಿಯಾಗಿರಬೇಕು. ‘ನನಗೆ ಹಾಗನ್ನಿಸಿತು’ ಎಂದು ಬರೆಯುವಂತಿಲ್ಲ. ಬರೆದ ಮೇಲೆ ಅದೇ ಸಂಗತಿಯನ್ನು ಯಂತ್ರಕ್ಕೂ ಹೇಳಿ ಮತ್ತೊಮ್ಮೆ ಕೇಳುತ್ತೇನೆ. ಬಹಳ ಸಲ ಅದು ತನ್ನ ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಹೂಂಗುಟ್ಟುವುದಕ್ಕಾಗಿಯೇ ಹಾಗೆ ಮಾಡಿತೋ ನಿಜವಾಗಿ ಒಪ್ಪಿತೋ ಎಂದು ತಿಳಿಯುವುದು ಕಷ್ಟ. ಆದ್ದರಿಂದ ನನ್ನ ಸಲಹೆ ಏನೆಂಬುದನ್ನು ಅದಕ್ಕೆ ಹೇಳುವುದಿಲ್ಲ, ಸಂಗತಿಯನ್ನಷ್ಟೇ ಹೇಳುತ್ತೇನೆ. ಇದನ್ನು ಶುರುಮಾಡಿದ ಮೇಲೆ ನಾನು ಯಂತ್ರದಿಂದ ಬೇರೆಯಾಗುವುದೇ ಕಡಿಮೆಯಾಯಿತು. ಬರೆಯಲು ಕುಳಿತರೆ ಎಷ್ಟೋ ಸಲ ಸಾಲು ಹೊರಡುತ್ತಿರಲಿಲ್ಲ, ಇದ್ದದ್ದು ಬರೀ ಅಭ್ಯಾಸಬಲ.

ಹೊರಟ ಸಾಲುಗಳನ್ನು ಈಗ ತಿರುವಿ ನೋಡಿದರೆ ಅವುಗಳಲ್ಲಿ ಬುದ್ಧಿವಂತಿಕೆಯೇನೂ ಕಾಣುವುದಿಲ್ಲ. ‘ತಂದೆಗೆ ಡಯಾಲಿಸಿಸ್, ವಾರಕ್ಕೆ ಎರಡು ದಿನ ಇವನೇ ಕರೆದೊಯ್ಯಬೇಕು.’ ‘ಅಕ್ಕನ ಮದುವೆಯ ಸಾಲ ತೀರುವವರೆಗೆ ಮನೆಗೆ ದುಡ್ಡು ಬೇಕು, ಹೇಳಲು ನಾಚಿಕೆ.’ ‘ರಕ್ತ ಕಂಡರೆ ತಲೆ ಸುತ್ತುತ್ತದೆ, ನರ್ಸಿಂಗ್ ಎಂದದ್ದು ಚಿಕ್ಕಮ್ಮ.’ ಎಲ್ಲಕ್ಕಿಂತ ಹೆಚ್ಚು ಬಂದಿರುವುದು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಇಲ್ಲದಂತಾದ ಮೇಲೆ ದಾವಣಗೆರೆ, ಹಾವೇರಿಗಳ ಕಾಲೇಜುಗಳು ನಮ್ಮ ಹುಡುಗಿಯರಿಗೆ ಹತ್ತಿರವಾದವು. ಆದರೆ ಅಲ್ಲಿ ಪ್ರಾಕ್ಟಿಕಲ್ ಮುಗಿಯುವುದು ನಾಲ್ಕೂವರೆಗೆ, ಇಲ್ಲಿಂದ ಊರಿಗೆ ಹೋಗುವ ಕೊನೆಯ ಬಸ್ಸು ಐದೂ ಕಾಲಿಗೆ ಎಂದಾದರೆ ಉಚಿತ ಟಿಕೆಟ್ಟಿನಿಂದ ಆಗುವುದು ಅಷ್ಟರಲ್ಲೇ ಇದೆ. ನಮ್ಮ ಸೀಮೆಯಲ್ಲಿ ಪ್ರೊಫೆಸರರ ಮುರಿದ ಕಾಲು ಎಂದರೆ ಹೆಚ್ಚಾಗಿ ಕೊನೆಯ ಬಸ್ಸೇ. ‘ನಿಮ್ಮ ಆಸಕ್ತಿಗಳೇನು?’ ಎಂದು ಯಂತ್ರ ಕೇಳುತ್ತದೆ, ನಾನೂ ಮೊದಲು ಹಾಗೆಯೇ ಕೇಳುತ್ತಿದ್ದೆ. ಈಗ ‘ಬೆಳಗ್ಗೆ ಎದ್ದು ಕಾಲೇಜಿಗೆ ಬರುವವರೆಗೆ ಏನೇನು ಮಾಡುತ್ತೀಯ, ಹೇಳು’ ಎಂದು ಕೇಳುತ್ತೇನೆ.

ನಾಲ್ಕನೆಯ ಕಾಲಂ ಮುಂದೆ ಏನಾಯಿತು ಎಂಬುದಕ್ಕೆ. ಎರಡು ವರ್ಷ ಕಳೆದ ಮೇಲೆ ಫೋನ್ ಮಾಡಿ ಕೇಳಿ ತುಂಬಬೇಕೆಂದು ಖಾಲಿ ಬಿಟ್ಟಿದ್ದೆ, ಕಳೆದ ತಿಂಗಳಿನಿಂದ ಶುರುಮಾಡಿದ್ದೇನೆ. ಬೀಜದ ಹೊಲದ ಹುಡುಗಿ ಕೃಷಿ ಪದವಿಯಲ್ಲಿದ್ದಾಳೆ. ತಳಿಶಾಸ್ತ್ರದ ಪ್ರಾಕ್ಟಿಕಲ್ ಒಂದು ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷಿನಿಂದಾಗಿ ಕಷ್ಟ ಎಂದಳು. ಆ ಕಷ್ಟವನ್ನು ಯಂತ್ರವೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಎರಡನೆಯ ಫೋನ್ ಮಾಡಿದ್ದು ಒಬ್ಬ ಹುಡುಗನಿಗೆ. ಅವನ ಪುಟದಲ್ಲಿ ಯಂತ್ರ ಮೈಸೂರಿನ ಕೋರ್ಸೊಂದನ್ನು ಮೊದಲು ಹೇಳಿತ್ತು. ನಾನು ಅದನ್ನು ದಾಟಿ ಇಲ್ಲಿಯೇ ಬಿ.ಕಾಂ. ಎಂದು ಬರೆದು, ‘ಅಜ್ಜಿ ಒಬ್ಬರೇ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ’ ಎಂದು ಕಾರಣ ಕೊಟ್ಟಿದ್ದೆ. ಸಂಗತಿ ನಿಜವೇ ಆಗಿತ್ತು. ಅವನು ಕಾಲೇಜಿಗೆ ಸೇರಿದ ಮೂರು ತಿಂಗಳಿಗೆ ಹುಬ್ಬಳ್ಳಿಯಲ್ಲಿರುವ ಅತ್ತೆ ಬಂದು ಅಜ್ಜಿಯನ್ನು ತಮ್ಮ ಮನೆಗೆ ಕರೆದುಕೊಂಡು ಹೋದರಂತೆ. ಮೊದಲೇ ಕೇಳಿದ್ದರೆ ಆಗಲೇ ಕರೆದೊಯ್ಯುತ್ತಿದ್ದೆ ಎಂದು ಅತ್ತೆ ಅಂದರಂತೆ. ಅತ್ತೆಯನ್ನು ಕೇಳಬೇಕೆಂದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಬಿ.ಕಾಂ. ಪರವಾಗಿಲ್ಲ ಸರ್ ಎಂದ. ನಾಲ್ಕನೆಯ ಕಾಲಮ್ಮಿನಲ್ಲಿ ಅಷ್ಟನ್ನೂ ಹಾಗೆಯೇ ಬರೆದುಕೊಂಡೆ. ಜಾಗ ಸಾಲದೆ ಅಂಚಿಗೂ ಬಂತು.